ಹಾಲಿನವರು ಇಳಿದುಹೋದ ಬೆಳಗು

ಮೇಲುಗುಟ್ಟ, ಮುಳಬಾಗಿಲು ತಾಲ್ಲೂಕು
ಭಾನುವಾರ, ೨೪ ನವೆಂಬರ್ ೨೦೨೪

ಪ್ರೀತಿಯ ಸುನಂದಾ,

ಸೊಸೆಗೆ ಬರೆಯುವ ಕಾಗದದ ಮೊದಲ ಸಾಲಿನಲ್ಲಿ ಆಶೀರ್ವಾದ ಇರಬೇಕು. ಎರಡು ಸಲ ಬರೆದೆ, ಎರಡು ಸಲವೂ ಹಾಳೆ ಹರಿದೆ. ಅದನ್ನು ಕೊಡುವ ಯೋಗ್ಯತೆ ನನಗಿದೆಯೋ ಇಲ್ಲವೋ ಎಂಬುದನ್ನು ಪೂರ್ತಿ ಓದಿದ ಮೇಲೆ ನೀನೇ ತೀರ್ಮಾನಿಸು. ಈಗ ಕೇಳುವುದು ಇಷ್ಟೇ: ನಿನ್ನ ಮೈ ಹೇಗಿದೆ ಮಗಳೇ? ಸೊಂಟನೋವು ಕಡಿಮೆಯಾಯಿತೇ? ಮಾಸ್ತಿಯಿಂದ ಮಾಲೂರಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತೀಯೆಂದೂ, ಅಲ್ಲಿ ಹೊಲಿಗೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದೀಯೆಂದೂ ನಮ್ಮ ಆಟೋ ರಹಮತ್ತುಲ್ಲಾ ಹೇಳಿದ. ಸೀತಾಫಲದ ಬುಟ್ಟಿಗಳನ್ನು ಮಾಲೂರಿಗೆ ಒಯ್ದಾಗ ಬಸ್ ಸ್ಟ್ಯಾಂಡಿನಲ್ಲಿ ನಿನ್ನನ್ನು ನೋಡಿದನಂತೆ. ತುಂಬಾ ಇಳಿದುಹೋಗಿದ್ದೀಯೆಂದ. ಬೆಳಗ್ಗೆ ಬರೀ ಹೊಟ್ಟೆಯಲ್ಲಿ ಬಸ್ಸು ಹತ್ತಬೇಡ. ಒಂದು ಲೋಟ ರಾಗಿ ಅಂಬಲಿಯನ್ನಾದರೂ ಕುಡಿದು ಹೊರಡು. ನಿಮ್ಮಮ್ಮ ಶಾಮಲಮ್ಮನವರ ಮಂಡಿನೋವು ಹೇಗಿದೆ? ಚಳಿಗಾಲ ಶುರುವಾಯಿತು, ಹೊಂಗೆ ಎಣ್ಣೆ ಬಿಸಿಮಾಡಿ ತಿಕ್ಕಲು ಹೇಳು.

ಫೋನ್ ಮಾಡದೆ ಕಾಗದ ಯಾಕೆ ಬರೆಯುತ್ತಿದ್ದಾಳೆ ಎಂದುಕೊಳ್ಳುತ್ತೀಯೆ. ಬೆಟ್ಟದ ನಂಬರು ಕಂಡರೆ ನೀನು ಫೋನ್ ಎತ್ತುವುದಿಲ್ಲ ಎಂಬುದು ನನಗೆ ಗೊತ್ತು. ಎತ್ತಿದ್ದರೂ ನಾನು ಹೇಳುತ್ತಿರಲಿಲ್ಲ. ಫೋನಿನಲ್ಲಿ ನನ್ನ ನಾಲಿಗೆ ತಪ್ಪಿಸಿಕೊಳ್ಳುತ್ತದೆ, ಬೇರೆ ಮಾತಿಗೆ ಹೊರಳುತ್ತದೆ. ಹುತ್ತೂರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇಷ್ಟು ವರ್ಷ ಮದುವೆಯ ಮುಯ್ಯಿ ಪಟ್ಟಿ ಬರೆಯುವುದಕ್ಕಷ್ಟೇ ಬಳಕೆಯಾಯಿತು. ತಪ್ಪಿದ್ದರೆ ತಿದ್ದಿಕೊಂಡು ಓದು.

ಊರಿನ ಸುದ್ದಿ ಮೊದಲು ಹೇಳುತ್ತೇನೆ, ಧೈರ್ಯ ಬರಲಿ. ರಾಗಿ ಕೊಯ್ಲು ಮುಗಿದು ಮೆದೆ ಹಾಕಿದ್ದಾಯಿತು. ಮಂಗಗಳು ಈ ಸಲ ಅವರೆ ಹೂವನ್ನೂ ಬಿಟ್ಟಿಲ್ಲ. ಬಂಡೆಯ ನಡುವಿನ ದೊಣೆ ಮಳೆನೀರಿನಿಂದ ತುಂಬಿದೆ, ಯುಗಾದಿಯ ತನಕ ಕುಡಿಯುವ ನೀರಿಗೆ ಯೋಚನೆಯಿಲ್ಲ. ನೀನು ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದ ಕರು ಈಗ ಎರಡನೇ ಸಲ ಗಬ್ಬವಾಗಿದೆ. ಯಾರಾದರೂ ಹೆಂಗಸರು ಕೆಂಪು ಸೀರೆ ಉಟ್ಟು ಹಟ್ಟಿಯ ಮುಂದೆ ಹಾದರೆ ಇವತ್ತಿಗೂ ಹಿಂದೆ ಹೋಗುತ್ತದೆ. ನೀನು ಮದುವೆಯಾಗಿ ಬಂದಾಗ ಇಪ್ಪತ್ತಾರು ಮನೆಗಳಲ್ಲಿ ಒಲೆ ಉರಿಯುತ್ತಿತ್ತು, ಈಗ ಹದಿನೇಳರಲ್ಲಿ. ಶಾಲೆಗೆ ಬೀಗ ಬಿದ್ದಿದೆ. ರಸ್ತೆಯ ಅಳತೆಗೆಂದು ಬಂದವರು ಬಂಡೆಗಳ ಮೇಲೆ ಕೆಂಪು ಬಣ್ಣದ ಗುರುತು ಹಾಕಿ ಇಳಿದರು, ಬಣ್ಣ ಮಾಸಿತೇ ಹೊರತು ರಸ್ತೆ ಬರಲಿಲ್ಲ. ಈಗಲೂ ರೇಷನ್ ಅಕ್ಕಿ ತಲೆಯ ಮೇಲೆಯೇ ಹತ್ತಬೇಕು, ಹಾಲಿನ ಕ್ಯಾನು ತಲೆಯ ಮೇಲೆಯೇ ಇಳಿಯಬೇಕು. ಹುಷಾರಿಲ್ಲದವರು ಕಂಬಳಿಯ ಜೋಲಿಯಲ್ಲಿ, ನಾಲ್ಕು ಹೆಗಲ ಮೇಲೆ ಇಳಿಯಬೇಕು. ಆ ಜೋಲಿಯ ಮಾತಿಗೆ ಬರದೆ ಎಷ್ಟು ದೂರ ಸುತ್ತಿದರೂ ಅಲ್ಲಿಗೇ ಬಂದು ನಿಂತೆ ನೋಡು. ಇನ್ನು ಹೇಳಿಯೇಬಿಡುತ್ತೇನೆ.

ಈ ಬೆಟ್ಟದಲ್ಲಿ ಹುಟ್ಟಿದವರಲ್ಲಿ ಅರ್ಧಕ್ಕರ್ಧ ಜನ ಮೊದಲು ನನ್ನ ಕೈಗೆ ಬಂದವರು. ನನ್ನ ಅತ್ತೆ ಸೂಲಗಿತ್ತಿ, ಅವರಿಂದ ನಾನು ಕಲಿತೆ. ಹೆರಿಗೆಯಾದ ಮನೆಯಲ್ಲಿ ನನಗೆ ಒಂದು ಸೀರೆ, ಮೊರದ ತುಂಬ ರಾಗಿ, ಎಲೆ ಅಡಿಕೆ. ಅದಕ್ಕಿಂತ ಹೆಚ್ಚಾಗಿ, ದಾರಿಯಲ್ಲಿ ಎದುರಾದ ಯಾರೇ ಆಗಲಿ ಒಂದು ಹೆಜ್ಜೆ ಸರಿದು ನಿಲ್ಲುತ್ತಿದ್ದರು. ಆಮೇಲೆ ಆಶಾ ಕಾರ್ಯಕರ್ತೆ ಭಾರತಮ್ಮ ಬಂದಳು. ಒಳ್ಳೆಯ ಹೆಂಗಸು, ಕೆಳಗಿನ ಹಳ್ಳಿಯಿಂದ ಏದುಸಿರು ಬಿಡುತ್ತಾ ತಿಂಗಳಿಗೆ ಎರಡು ಸಲ ಹತ್ತಿ ಬರುತ್ತಾಳೆ. ಒಂದು ದಿನ ಊರಿನ ಹೆಂಗಸರನ್ನೆಲ್ಲ ಕೂರಿಸಿಕೊಂಡು, "ಇನ್ಮೇಲೆ ಯಾರೂ ಮನೇಲಿ ಹೆರಿಗೆ ಮಾಡ್ಕೋಬಾರ್ದು. ಮುನಿಗಂಗಮ್ಮ, ನೀವೂ ಯಾರಾದ್ರೂ ಕರೆದ್ರೆ ಹೋಗಬ್ಯಾಡಿ" ಅಂದಳು. ಅವಳ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ನನ್ನ ಕಡೆಗೆ ತಿರುಗಿದ ಅಷ್ಟೂ ಮುಖಗಳು ನನಗೆ ಇವತ್ತಿಗೂ ನೆನಪಿವೆ. ಅಲ್ಲಿಂದ ನಾಲ್ಕು ವರ್ಷ ನನ್ನನ್ನು ಯಾರೂ ಕರೆಯಲಿಲ್ಲ. ದಾರಿಯಲ್ಲಿ ಯಾರೂ ಸರಿದು ನಿಲ್ಲಲಿಲ್ಲ. ಆಗ ನೀನು ಬಸುರಿಯಾದೆ.

ದಿನ ತುಂಬುವುದಕ್ಕೆ ಹತ್ತು ದಿನ ಮುಂಚೆಯೇ ಕೆಳಗೆ ಹೋಗಿ ಇರಬೇಕು ಎಂದು ಭಾರತಮ್ಮ ಹೇಳಿದ್ದಳು. ಬೆಟ್ಟದ ಬುಡದಲ್ಲೇ ರಹಮತ್ತುಲ್ಲಾನ ಮನೆ. ಅವನ ಹೆಂಡತಿ ಶಹರ್ ಬಾನು ತಾನು ಹಾಸಿಗೆ ಹೊಲಿಯುವ ಕೋಣೆಯನ್ನು ನಿನಗಾಗಿ ತೆರವು ಮಾಡಿಟ್ಟಿದ್ದಳು. ನೀನು ಬ್ಯಾಗಿಗೆ ಎರಡು ಸೀರೆ, ಹಳೆಯ ಪಂಚೆಯಿಂದ ಹೊಲಿದ ಮಗುವಿನ ಬಟ್ಟೆ ತುಂಬಿಕೊಂಡು ಬಾಗಿಲಿಗೆ ಬಂದಿದ್ದೆ. ಆ ಬ್ಯಾಗನ್ನು ನಿನ್ನ ಕೈಯಿಂದ ತೆಗೆದು ಗೂಟಕ್ಕೆ ತೂಗುಹಾಕಿದವಳು ನಾನು. "ನೂರಾ ನಲವತ್ತು ಮಕ್ಕಳನ್ನ ಎತ್ತಿದೀನಿ, ನನ್ನ ಮೊಮ್ಮಗೂನ ಎತ್ತಕ್ಕಾಗಲ್ವಾ" ಅಂದೆ. ಮಗ ಕದಿರೇಶ ನನ್ನ ಮುಖ ನೋಡಿದ, ನಿನ್ನ ಮುಖ ನೋಡಿದ, ಆಮೇಲೆ ಮೇಕೆ ಬಿಡಲು ಹೋದ. ನೀನು ಮರಳಿ ಒಳಗೆ ಹೋದೆ. ನಿನಗೆ ಆಗ ಇಪ್ಪತ್ತನಾಲ್ಕು ವರ್ಷ, ನನಗೆ ಎದುರು ಹೇಳುವುದಾದರೂ ಹೇಗೆ ಹೇಳುತ್ತೀಯೆ.

ಆ ದಿನದ್ದು ನಿನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಬರೆಯುತ್ತೇನೆ. ನನ್ನ ಕೈಬರಹದಲ್ಲಿ ಅದು ನಿನ್ನ ಹತ್ತಿರ ಇರಬೇಕು. ಎರಡು ವರ್ಷ ಮೂರು ತಿಂಗಳ ಹಿಂದೆ, ಶ್ರಾವಣದ ಎರಡನೇ ಗುರುವಾರ, ಐದು ಗಂಟೆಗೆ ನಿನಗೆ ನೋವು ಶುರುವಾಯಿತು. ನೀನು ಬಂದು ನನ್ನನ್ನು ಎಬ್ಬಿಸಿದೆ. "ಅತ್ತೆ, ಬರ್ತಾ ಐತೆ. ಹಾಲಿನವರು ಇಳಿಯೋ ಹೊತ್ತು, ಅವರ ಜೊತೆಗೆ ಹೋಗಿಬಿಡಾಣ" ಅಂದೆ. ನಿನ್ನ ಬುದ್ಧಿ ಸರಿಯಾಗಿಯೇ ಓಡಿತ್ತು. ಊರಿನ ಗಟ್ಟಿ ಆಳುಗಳೆಲ್ಲ ಕ್ಯಾನು ಹೊತ್ತು ಇಳಿಯುವ ಹೊತ್ತದು. ಡೈರಿಗೆ ಹಾಲು ಹಾಕಿದವರು ಹಾಗೆಯೇ ಟೊಮೆಟೊ ತೋಟಕ್ಕೋ ಗಾರೆ ಕೆಲಸಕ್ಕೋ ಹೋದರೆ ಮರಳುವುದು ಸಂಜೆಗೆ. ನಾನು, "ಚೊಚ್ಚಲು ಕಣೇ, ಸಂಜೆಗಂಟ ಎಳೀತದೆ. ಬಟ್ಟೆ ಕಚ್ಕೋ, ಕೂಗಬೇಡ" ಅಂದೆ.

ಆರು ಗಂಟೆಗೆ ಅವರು ನಮ್ಮ ಮನೆಯ ಮುಂದೆಯೇ ಇಳಿದುಹೋದರು. ಹನ್ನೊಂದು ಜನ. ನಾನು ಬಾಗಿಲಲ್ಲಿ ನಿಂತಿದ್ದೆ. ಕೊನೆಯವನು ಕದಿರೇಶ. ಅವನು ಐದಕ್ಕೆ ಮುಂಚೆಯೇ ಎದ್ದುಹೋಗಿ ಹಟ್ಟಿಯಲ್ಲಿ ಹಾಲು ಕರೆದು ನೇರ ಅಂಗಳಕ್ಕೆ ಬಂದಿದ್ದ, ಒಳಗೆ ಬಂದಿರಲಿಲ್ಲ. ಕ್ಯಾನನ್ನು ತಲೆಗೇರಿಸುತ್ತಾ, "ಸುನಂದ ಇನ್ನೂ ಎದ್ದಿಲ್ವಾ ಅಮ್ಮ" ಎಂದು ಕೇಳಿದ. ನಾನು ಹೇಳಿದೆ: "ಮಲಗ್ಲಿ ಬಿಡು. ರಾತ್ರಿಯೆಲ್ಲಾ ನಿದ್ದೆ ಮಾಡಿಲ್ಲ." ಒಳಗೆ ನೀನು ಅವನ ದನಿ ಕೇಳಿದ್ದೆ. ನನ್ನ ಉತ್ತರವನ್ನೂ ಕೇಳಿದ್ದೆ. ಗೋಡೆಯ ಆಚೆ ನೀನು ಬಾಯಲ್ಲಿ ಬಟ್ಟೆ ಕಚ್ಚಿಕೊಂಡು ಕೂತಿದ್ದೆ, ನಾನು ಹೇಳಿದ್ದೆನಲ್ಲ ಕೂಗಬೇಡವೆಂದು. ಅವನು ತಿರುವಿನ ಬಂಡೆ ದಾಟುವವರೆಗೂ ಒಂದು ಕೂಗಿಗೆ ಸಿಗುವಷ್ಟು ಹತ್ತಿರದಲ್ಲಿದ್ದ. ನಾನು ಕೂಗಲಿಲ್ಲ. ಯಾಕೆ ಎಂದು ಕೇಳಿದರೆ ನಾಚಿಕೆಯಾಗುತ್ತದೆ ಸುನಂದಾ. ಸಂಜೆ ಅವರೆಲ್ಲ ಹತ್ತಿ ಬರುವಾಗ ಇದೇ ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಲ್ಲಬೇಕೆಂದುಕೊಂಡಿದ್ದೆ. ಅದು ಬಿಟ್ಟು ಬೇರೆ ಕಾರಣವಿಲ್ಲ.

ಒಂಬತ್ತು ಗಂಟೆಗೆ ನೀರು ಹೋಯಿತು. ಹಸಿರಾಗಿತ್ತು. ಅದರ ಅರ್ಥ ನನಗೆ ಗೊತ್ತಿತ್ತು, ಒಳಗೆ ಕೂಸಿಗೆ ಕಷ್ಟವಾಗಿದೆಯೆಂದು. ನೀನು, "ಏನಾಯ್ತತ್ತೆ" ಎಂದು ಕೇಳಿದೆ. "ಏನಿಲ್ಲ, ಒಳ್ಳೇದೇ" ಅಂದೆ. ಅಲ್ಲಿಂದ ಒಂದೂವರೆ ಗಂಟೆ ಕಾಲ ನನ್ನ ಕೈಗೆ ಗೊತ್ತಿದ್ದ ಎಲ್ಲವನ್ನೂ ಮಾಡಿದೆ. ಹತ್ತೂವರೆಗೆ ನಿನ್ನ ಕಣ್ಣು ಮೇಲೆ ಸಿಕ್ಕಿಕೊಂಡಾಗ ಓಡಿಹೋಗಿ ಅಶ್ವತ್ಥಪ್ಪನ ಬಾಗಿಲು ಬಡಿದೆ. ಊರಿನ ಹಿರಿಯ, ಎಪ್ಪತ್ತು ದಾಟಿದವನು, ಅವತ್ತು ಊರಿನಲ್ಲಿದ್ದ ಗಂಡಸೆಂದರೆ ಅವನೊಬ್ಬನೇ. ಫೋನು ಸಿಗುವ ಬಂಡೆಗೆ ಅವನೇ ಏದುತ್ತಾ ಹತ್ತಿ ರಹಮತ್ತುಲ್ಲಾನಿಗೆ ಹೇಳಿದ. ರಹಮತ್ತುಲ್ಲಾ ಕೆಳಗಿನ ಹಳ್ಳಿಯಿಂದ ಮೂವರನ್ನು ಕರೆದುಕೊಂಡು ತಾನೂ ಹತ್ತಿ ಬರುವಷ್ಟರಲ್ಲಿ ಹನ್ನೆರಡೂವರೆ. ನಿನ್ನನ್ನು ಆಟೋದಲ್ಲಿ ಮಲಗಿಸಿ ಮುಳಬಾಗಿಲಿನ ಆಸ್ಪತ್ರೆ ಮುಟ್ಟಿದಾಗ ಮೂರು. ಮೂರೂ ಇಪ್ಪತ್ತಕ್ಕೆ ನಮ್ಮ ಕೂಸು ಉಸಿರಿಲ್ಲದೆ ಹುಟ್ಟಿತು.

ಇಲ್ಲಿಯವರೆಗೆ ಮಾಡಿದ್ದನ್ನು ತಪ್ಪು ಎನ್ನಬಹುದು. ಇದರ ಮುಂದೆ ಮಾಡಿದ್ದು ಪಾಪ. ನೋವು ಯಾವಾಗ ಶುರುವಾಯಿತೆಂದು ಡಾಕ್ಟರಮ್ಮ ಕೇಳಿದಾಗ, "ಹತ್ತು ಗಂಟೆಗೆ" ಎಂದು ಬಾಯಿಗೆ ಬಂದಿತು. ಒಂದು ಸಲ ಹೇಳಿದ ಮೇಲೆ ಅದನ್ನೇ ಹಿಡಿದುಕೊಂಡೆ. ಸಂಜೆ ಕದಿರೇಶ ವಾರ್ಡಿಗೆ ಬಂದು ನಿಂತಾಗ ನೀನು ಹೇಳಿದ್ದು ಮೂರೇ ಮಾತು: "ಅತ್ತೇನ ಕೇಳಿ ನೀವು." ಅವನು ಕೇಳಿದ. ನಾನು ನಿನ್ನ ಮುಂದೆಯೇ, "ನಂಗೇನಪ್ಪ ಗೊತ್ತು, ಬೆಳಗ್ಗಿಂದ ನೋವು ಮುಚ್ಚಿಟ್ಕೊಂಡವಳೆ. ನಂಗೆ ಹೇಳಿದ್ದೇ ಹತ್ತು ಗಂಟೆಗೆ" ಅಂದೆ. ನೀನು ನನ್ನನ್ನು ಒಂದು ಸಲ ನೋಡಿದೆ. ಸಿಟ್ಟಿನ ನೋಟವಲ್ಲ ಅದು, ಯಾರೋ ಗೊತ್ತಿಲ್ಲದವರನ್ನು ನೋಡುವ ಹಾಗೆ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದೆ. ಕದಿರೇಶ ನಿನಗೆ, "ಒಂದು ಮಾತು ಹೇಳಕ್ಕೆ ನಿಂಗೆ ಬಾಯಿರ್ಲಿಲ್ವಾ" ಅಂದ. ಆ ಮಾತು ಅವನದಲ್ಲ, ನಾನು ಅವನ ಬಾಯಲ್ಲಿ ಇಟ್ಟದ್ದು. ಹನ್ನೊಂದು ದಿನ ಕಳೆದ ಮೇಲೆ ನೀನು ರಹಮತ್ತುಲ್ಲಾನ ಆಟೋದಲ್ಲಿ ಮಾಸ್ತಿಗೆ ಹೋದೆ. ಬೆಟ್ಟದ ಮೇಲೆ ಎಲ್ಲರೂ, ಹುಡುಗಿಯ ದಡ್ಡತನದಿಂದ ಕೂಸು ಹೋಯಿತು ಎಂದರು. ಮಾಸ್ತಿಯವರೆಗೂ ಆ ಮಾತು ಮುಟ್ಟಿತೆಂದು ಕೇಳಿದೆ. ನಾನು ಎಲ್ಲಿಯೂ ಅದನ್ನು ತಡೆಯಲಿಲ್ಲ.

ಒಬ್ಬಳಿಗೆ ಮಾತ್ರ ನಿಜ ಗೊತ್ತಿತ್ತು. ಆಟೋದಲ್ಲಿ ನಿನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಶಹರ್ ಬಾನುಗೆ ನೀನು, "ಐದು ಗಂಟೆಯಿಂದ ಅಕ್ಕ" ಅಂದಿದ್ದೆಯಂತೆ. ಅವಳು ಯಾರಿಗೂ ಹೇಳಲಿಲ್ಲ. ಆದರೆ ಆ ವರ್ಷದ ಸೀತಾಫಲ ಒಯ್ದು ಕೊಟ್ಟಾಗ ಬುಟ್ಟಿಯನ್ನು ಮುಟ್ಟದೆ, "ಬೇಡಮ್ಮಾ, ನಿಮ್ಮ ಹಣ್ಣು ನನ್ನ ಗಂಟಲಲ್ಲಿ ಇಳಿಯಂಗಿಲ್ಲ" ಅಂದಳು. ಕಣ್ಣಲ್ಲಿ ನೀರಿತ್ತು. ನಾನು ಬುಟ್ಟಿ ಹೊತ್ತು ಹಾಗೆಯೇ ವಾಪಸು ಹತ್ತಿದೆ. ಅರ್ಧ ದಾರಿಯಲ್ಲಿ ಕೂತು ಅಷ್ಟೂ ಹಣ್ಣನ್ನು ಕಣಿವೆಗೆ ಸುರಿದೆ.

ಈಗ ಈ ತಿಂಗಳಿನ ಸಂಗತಿ. ಅಶ್ವತ್ಥಪ್ಪನ ಕಿರಿಯ ಸೊಸೆ ಮುತ್ಯಾಲಮ್ಮನನ್ನು ನೀನು ನೋಡಿಲ್ಲ, ಶ್ರೀನಿವಾಸಪುರದ ಕಡೆಯ ಹುಡುಗಿ, ಮಾತೆಲ್ಲ ತೆಲುಗಿನಲ್ಲಿ. ಅವಳನ್ನು ದೀಪಾವಳಿ ಮುಗಿಸಿಕೊಂಡು ಕೆಳಗೆ ಕಳುಹಿಸುವುದೆಂದು ಮಾತಾಗಿತ್ತು. ಹಬ್ಬ ಕಳೆದ ನಾಲ್ಕನೇ ದಿನ, ದಿನ ತುಂಬುವ ಮುಂಚೆಯೇ, ಬೆಳಗ್ಗೆ ಎಂಟಕ್ಕೆ ನೋವು ಬಂತು. ಹಾಲಿನವರು ಇಳಿದಾಗಿತ್ತು. ಇಟ್ಟಿಗೆ ಗೂಡಿನ ಕೆಲಸ ಶುರುವಾಯಿತೆಂದು ನಾಲ್ಕು ಜನ ಗಂಡಸರು ಮಾಲೂರಿಗೂ ಹೋಗಿದ್ದರು. ಅವಳ ಅತ್ತೆ ಬಂದು, "ಬೇಗ ಬಾರಮ್ಮ, ನಿನ್ನ ಕೈ ಇದ್ರೆ ನಮಗೆ ಧೈರ್ಯ" ಎಂದು ನನ್ನ ರಟ್ಟೆ ಹಿಡಿದಳು. ಆರು ವರ್ಷ ನಾನು ಕಾದಿದ್ದ ಕರೆ ಅದು. ಹೋಗಿ ಹೊಸ್ತಿಲಲ್ಲಿ ನಿಂತೆ. ಒಳಗೆ ಆ ಹುಡುಗಿ ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದಳು. ನಾನು ಒಳಗೆ ಕಾಲಿಡಲಿಲ್ಲ. "ಅವಳ ಬಾಯಿಂದ ಆ ಬಟ್ಟೆ ತೆಗೀರಿ. ಬಿದಿರು ತನ್ನಿ, ಕಂಬಳಿ ತನ್ನಿ. ಈಗಲೇ ಇಳಿಸ್ಬೇಕು" ಅಂದೆ.

ಹೊರುವವರು ಯಾರು ಎಂದರು. ನಾವೇ ಅಂದೆ. ಈ ಬೆಟ್ಟದಲ್ಲಿ ಹೆಂಗಸರು ಜೋಲಿಗೆ ಹೆಗಲು ಕೊಟ್ಟದ್ದು ಅದೇ ಮೊದಲು. ಒಂಬತ್ತು ಜನ ಸೇರಿದೆವು, ನಾಲ್ಕು ನಾಲ್ಕು ಜನ ಸರದಿಯಲ್ಲಿ ಹೊತ್ತೆವು. ಅಶ್ವತ್ಥಪ್ಪ ಮುಂದೆ ಮುಂದೆ ಕೋಲಿನಿಂದ ಮುಳ್ಳು ಸರಿಸುತ್ತಾ ಹೋದ. ಕಡಿದಾದ ಮೆಟ್ಟಿಲುಗಳಲ್ಲಿ ಮುಂದಿನವರು ಕೂತು ಕೂತು ಜಾರಬೇಕಾಯಿತು. ನನ್ನ ಸರದಿ ಮುಗಿದರೂ ನಾನು ಬಿದಿರು ಬಿಡಲಿಲ್ಲ, ಇಬ್ಬರು ಸೇರಿ ಬಿಡಿಸಿದರು. ಹೆಗಲ ಚರ್ಮ ಕಿತ್ತುಹೋದದ್ದು ಸಂಜೆ ಗೊತ್ತಾಯಿತು. ಫೋನಿನಲ್ಲಿ ಸುದ್ದಿ ಮುಟ್ಟಿತ್ತು, ಬುಡದಲ್ಲಿ ರಹಮತ್ತುಲ್ಲಾ ಆಟೋ ತಿರುಗಿಸಿ ನಿಲ್ಲಿಸಿದ್ದ. ಹನ್ನೊಂದೂವರೆಗೆ ಆಸ್ಪತ್ರೆ, ಮಧ್ಯಾಹ್ನ ಒಂದಕ್ಕೆ ಹೆಣ್ಣುಮಗು. ಕೊರಳಿಗೆ ಹೊಕ್ಕುಳ ಬಳ್ಳಿ ಎರಡು ಸುತ್ತು ಸುತ್ತಿತ್ತಂತೆ, ಇನ್ನು ಅರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ. ಆ ಮಗುವಿನ ಅಳು ಬಾಗಿಲಾಚೆ ಕೇಳಿದಾಗ ಎಲ್ಲರೂ ನಕ್ಕರು. ನಾನು ಆಸ್ಪತ್ರೆಯ ಹಿಂದಿನ ನಲ್ಲಿಯ ಹತ್ತಿರ ಹೋಗಿ ಕೂತೆ. ಇಷ್ಟೇ ಬೇಕಿತ್ತು ಸುನಂದಾ. ನಿನಗೂ ಬೇಕಾಗಿದ್ದುದು ಇಷ್ಟೇ.

ಹನ್ನೊಂದನೇ ದಿನ ಅಶ್ವತ್ಥಪ್ಪನ ಮನೆಯಲ್ಲಿ ನಾಮಕರಣ. ಊರೆಲ್ಲ ಸೇರಿತ್ತು, ಕದಿರೇಶ ಊಟದ ಎಲೆ ಹಾಕುತ್ತಿದ್ದ. ಅಶ್ವತ್ಥಪ್ಪ ತಟ್ಟೆಯಲ್ಲಿ ಹಸಿರು ಸೀರೆ, ಬಳೆ, ಎಲೆ ಅಡಿಕೆ ಇಟ್ಟುಕೊಂಡು ನನ್ನ ಮುಂದೆ ಬಂದು, "ತಗೋ ತಾಯಿ. ಈ ಕೂಸು ನಿನ್ನದು. ನೀನಿಲ್ದಿದ್ರೆ ಇವತ್ತು ಈ ಮನೇಲಿ ದೀಪ ಇರ್ತಿರ್ಲಿಲ್ಲ" ಅಂದ. ಹೆಂಗಸರೆಲ್ಲ ಸರಿದು ದಾರಿ ಬಿಟ್ಟು ನಿಂತರು. ಆ ಗೌರವಕ್ಕಾಗಿಯೇ ನಾನು ನನ್ನ ಮೊಮ್ಮಗಳನ್ನು ಕಳೆದುಕೊಂಡದ್ದು. ಕೈ ಚಾಚಲಾಗಲಿಲ್ಲ. "ಅಶ್ವತ್ಥಣ್ಣ, ಇದು ನಂಗೆ ಬೇಡ. ನಮ್ಮ ಸುನಂದ ನೋವು ಮುಚ್ಚಿಟ್ಕೊಂಡಿರ್ಲಿಲ್ಲ. ಐದು ಗಂಟೆಗೇ ನನ್ನ ಎಬ್ಬಿಸಿದ್ಲು. ಕೆಳಕ್ಕೆ ಹೋಗಾಣ ಅಂತ ಕೇಳಿದ್ಲು. ಬಿಡದೇ ಇದ್ದೋಳು ನಾನು" ಅಂದೆ. ಅಶ್ವತ್ಥಪ್ಪನಿಗೆ ತಿಳಿಯಲಿಲ್ಲ, "ಏಮಂಟಿವಿ ಗಂಗಮ್ಮಾ, ಏನಂದೆ" ಎಂದು ಮತ್ತೆ ಕೇಳಿದ. ಇನ್ನೊಂದು ಸಲ, ಇನ್ನೂ ಜೋರಾಗಿ, ಮೊದಲಿನಿಂದ ಹೇಳಿದೆ. ಹಾಲಿನವರು ಇಳಿದದ್ದು, ನಾನು ಕೂಗದೆ ಇದ್ದದ್ದು, ಹಸಿರು ನೀರು, ಡಾಕ್ಟರಮ್ಮನಿಗೆ ಹೇಳಿದ ಸುಳ್ಳು, ಎಲ್ಲ. ಮುತ್ಯಾಲಮ್ಮ ತನ್ನ ಮಗುವನ್ನು ಎದೆಗೆ ಒತ್ತಿಕೊಂಡಳು. ತಟ್ಟೆ ಹಾಗೆಯೇ ಒಳಗೆ ಹೋಯಿತು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕದಿರೇಶ ಕೈಯಲ್ಲಿದ್ದ ಎಲೆಗಳನ್ನು ಕೊನೆಯವರೆಗೂ ಹಾಕಿದ. ಸಂಜೆ ಹಟ್ಟಿಯಲ್ಲಿ ಹಾಲು ಕರೆಯುತ್ತಾ, ನನ್ನ ಕಡೆ ತಿರುಗದೆ, "ಅವತ್ತು ಅಂಗಳದಲ್ಲಿ ನಿಂತು ನಾನು ಕೇಳಿದಾಗ ಅವಳು ಎದ್ದಿದ್ಲಾ" ಎಂದು ಕೇಳಿದ. ಹೂಂ ಅಂದೆ. "ನನ್ನ ಮಾತು ಅವಳಿಗೆ ಕೇಳಿಸ್ತಾ?" ಕೇಳಿಸಿತು ಅಂದೆ. ಅವನು ಹಸುವಿನ ಮೈಗೆ ಹಣೆ ಆನಿಸಿದ. ಆಮೇಲೆ ಚೊಂಬನ್ನು ಕೆಳಗಿಟ್ಟು ಎದ್ದುಹೋದ. ಅಂದಿನಿಂದ ಬೀಗ ಬಿದ್ದ ಶಾಲೆಯ ಜಗುಲಿಯಲ್ಲಿ ಮಲಗುತ್ತಿದ್ದಾನೆ. ನಾನು ಮಾಡಿದ ಮುದ್ದೆಯನ್ನು ಮುಟ್ಟುವುದಿಲ್ಲ. ಆದರೂ ದಿನಾ ಬೆಳಗ್ಗೆ ಬಂದು ದೊಣೆಯಿಂದ ಎರಡು ಕೊಡ ನೀರು ತಂದು ಬಾಗಿಲಲ್ಲಿಟ್ಟು ಹೋಗುತ್ತಾನೆ, ನನಗೆ ಹತ್ತಲಾಗುವುದಿಲ್ಲವೆಂದು. ಆ ನೀರನ್ನು ಕುಡಿಯುವುದು ಬೈಗುಳ ಕೇಳುವುದಕ್ಕಿಂತ ಕಷ್ಟ.

ವಾಪಸು ಬಾ ಎಂದು ನಾನು ಬರೆಯುತ್ತಿಲ್ಲ. ಕ್ಷಮಿಸು ಎಂದೂ ಬರೆಯುವುದಿಲ್ಲ. ಅದನ್ನು ಕೇಳಿದರೆ ನಿನ್ನ ತಲೆಯ ಮೇಲೆ ಇನ್ನೊಂದು ಹೊರೆ ಹೊರಿಸಿದ ಹಾಗೆ. ಈ ಕಾಗದವನ್ನು ನಿಮ್ಮಮ್ಮನಿಗೆ ಓದಿ ಹೇಳು. ನಿನ್ನ ಬೆನ್ನ ಹಿಂದೆ ಮಾತಾಡಿದವರಿಗೆಲ್ಲ ತೋರಿಸು. ಬೇಕಾದರೆ ನಾನೇ ಮಾಸ್ತಿಗೆ ಬಂದು ನಿಮ್ಮ ಬೀದಿಯಲ್ಲಿ ನಿಂತು ಹೇಳುತ್ತೇನೆ. ಕದಿರೇಶ ಈ ಶನಿವಾರ ನಿನ್ನನ್ನು ನೋಡಲು ಬರುತ್ತಾನಂತೆ. ನನಗೆ ಹೇಳಿಲ್ಲ, ಅಶ್ವತ್ಥಪ್ಪನಿಗೆ ಹೇಳಿದ್ದಾನೆ. ಬಾಗಿಲು ತೆರೆಯುವುದೋ ಬಿಡುವುದೋ ನಿನ್ನ ಇಷ್ಟ. ಹೆತ್ತವಳ ಮಾತು ನಂಬಿದ್ದು, ಕಟ್ಟಿಕೊಂಡವಳನ್ನು ಇನ್ನೊಂದು ಸಲ ಕೇಳದೆ ಇದ್ದದ್ದು ಅವನ ತಪ್ಪು. ಮಿಕ್ಕದ್ದೆಲ್ಲ ನನ್ನದು. ನೀವಿಬ್ಬರೂ ಎಲ್ಲಿಯಾದರೂ, ಈ ಬೆಟ್ಟದಲ್ಲೋ ಮಾಲೂರಿನಲ್ಲೋ, ಒಟ್ಟಿಗೆ ಇರುವುದಾದರೆ ನಾನು ನಿಮ್ಮ ಮನೆಯಲ್ಲಿ ಇರುವುದಿಲ್ಲ. ಹುತ್ತೂರಿನಲ್ಲಿ ನನ್ನ ತಂಗಿಯಿದ್ದಾಳೆ, ಹಿಪ್ಪುನೇರಳೆ ಸೊಪ್ಪು ಬಿಡಿಸುವ ಕೆಲಸಕ್ಕೆ ಕೈ ಬೇಕೆಂದು ಕರೆಯುತ್ತಲೇ ಇದ್ದಾಳೆ. ನನ್ನ ಚಿಂತೆ ನಿನಗೆ ಬೇಡ.

ನಿಮ್ಮಮ್ಮನಿಗೆ ನನ್ನ ನಮಸ್ಕಾರ. ಅವರ ಕಾಲಿಗೆ ಬಿದ್ದೆನೆಂದು ಹೇಳು. ನೀನು ಹೊಟ್ಟೆ ತುಂಬ ಊಟ ಮಾಡು, ಬಸ್ಸಿನಲ್ಲಿ ಬಾಗಿಲ ಹತ್ತಿರ ನಿಲ್ಲಬೇಡ. ನಾನು ಎಲ್ಲಿದ್ದರೂ ನೀನು ಚೆನ್ನಾಗಿರು ಎಂದು ಕೇಳಿಕೊಳ್ಳುತ್ತಿರುತ್ತೇನೆ, ಅದನ್ನು ಆಶೀರ್ವಾದ ಎಂದುಕೊಳ್ಳುವುದೂ ಬಿಡುವುದೂ ನಿನಗೆ ಸೇರಿದ್ದು.

ನಿನ್ನ ಅತ್ತೆ,
ಮುನಿಗಂಗಮ್ಮ

ಮರೆತ ಮಾತು: ರಹಮತ್ತುಲ್ಲಾ ನಾಳೆ ಬೆಳಗ್ಗೆ ಮಾಲೂರಿಗೆ ಹೊರಡುವವನು, ಕಾಗದ ಇವತ್ತೇ ಅವನ ಕೈಸೇರಬೇಕು, ಅಶ್ವತ್ಥಪ್ಪ ಇಳಿಯಲು ಕಾದು ನಿಂತಿದ್ದಾನೆ. ಮರೆತದ್ದಲ್ಲ, ಇಷ್ಟು ಬರೆದರೂ ಇದನ್ನು ಬರೆಯಲು ಕೈ ಬರಲಿಲ್ಲ. ಆಸ್ಪತ್ರೆಯಲ್ಲಿ ನಿನಗೆ ಎಚ್ಚರವಾದಾಗ, ಮಗು ಹೇಗಿತ್ತೆಂದು ನೀನು ಕೇಳಿದ್ದೆ. ನೋಡಬೇಡ, ಮರೆತುಬಿಡು ಎಂದು ನಾನು ಬಟ್ಟೆ ಮುಚ್ಚಿ ಮಣ್ಣು ಮಾಡಲು ಕೊಟ್ಟುಬಿಟ್ಟೆ. ಕದಿರೇಶನೂ ಬಿಚ್ಚಿ ನೋಡಲಿಲ್ಲ. ನಾನು ನೋಡಿದ್ದೇನೆ. ಕೂದಲು ದಟ್ಟವಾಗಿತ್ತು, ಹಣೆಯ ಮೇಲೆ ಸುರುಳಿಯಾಗಿತ್ತು. ಹಣೆ ನಿನ್ನದು. ಕೆಳತುಟಿ ಕದಿರೇಶನದು. ಬೆರಳು ಬಿಡಿಸಿ ನೋಡಿದೆ, ಉದ್ದನೆಯ ಬೆರಳು, ಉಗುರು ಬೆಳೆದಿತ್ತು. ಎಡಗಿವಿಯ ಹಿಂದೆ ಎಳ್ಳಿನಷ್ಟು ಮಚ್ಚೆ ಇತ್ತು. ಮುಖದಲ್ಲಿ ಏನೂ ನೋವಿರಲಿಲ್ಲ. ನಮ್ಮ ಹುರುಳಿ ಹೊಲದ ಮೇಲಿನ ಬದುವಿನಲ್ಲಿ, ಎರಡು ಬಂಡೆ ಸೇರುವ ನೆರಳಿನಲ್ಲಿ ಮಲಗಿಸಿದ್ದಾರೆ. ಜಾಗ ಕದಿರೇಶನಿಗೆ ಗೊತ್ತು. ನಿನಗೆ ನೋಡಬೇಕೆನಿಸಿದರೆ ಅವನ ಜೊತೆ ಬಾ. ನಮ್ಮ ಮನೆಯ ಮುಂದೆ ಹಾಯಬೇಕಾಗಿಲ್ಲ, ದೊಣೆಯ ಕಡೆಯಿಂದ ಕಾಲುದಾರಿ ಇದೆ. ಮುಳ್ಳು ಬೆಳೆದಿತ್ತು, ನಿನ್ನೆ ಹೋಗಿ ಕಡಿದು ಬಂದಿದ್ದೇನೆ.